ಬೆಳಕಿಗೆ ಮೋಟಾರು ಕಟ್ಟಿ ಕಲಿತದ್ದು

ಹೊರಗಿನವರು ಹುಲಿಕೆರೆಗೆ ಬರುವುದು ಕಲ್ಯಾಣಿ ನೋಡಲು. ಹಳೇಬೀಡಿನ ಗುಡಿ ಮುಗಿಸಿಕೊಂಡು ಬಂದು, ಹೊಯ್ಸಳರ ಕಾಲದ ಮೆಟ್ಟಿಲುಗಳನ್ನೂ ಸುತ್ತಲಿನ ಪುಟ್ಟ ಗುಡಿಗಳನ್ನೂ ನೋಡಿ, ಹೊತ್ತು ಮುಳುಗುವುದರೊಳಗೆ ಹೊರಡುತ್ತಾರೆ. ನನ್ನ ಕೆಲಸ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು ಸುತ್ತಿನ ಹಳ್ಳಿಗಳಲ್ಲಿ ರಾಗಿ ಕಣ ಮುಗಿದು ಜಾತ್ರೆಗಳು ಆರಂಭವಾದರೆ ‘ಕುರುಕ್ಷೇತ್ರ’, ‘ಶನಿಪ್ರಭಾವ’, ‘ದಕ್ಷಯಜ್ಞ’ಗಳ ಕಾಲ. ಸೀನರಿ ಒಬ್ಬರದು, ಹಾರ್ಮೋನಿಯಂ ಮೇಷ್ಟ್ರು ಇನ್ನೊಂದು ಊರಿನವರು, ಸ್ತ್ರೀಪಾತ್ರದ ಕಲಾವಿದೆಯರು ಮತ್ತೆಲ್ಲಿಂದಲೋ ಬಂದವರು. ಲೈಟು ನಮ್ಮದು.

ಇಲ್ಲಿ ಬರೆಯುತ್ತಿರುವುದು ಲೈಟಿನ ಮುಂದೆ ಕೂರಿಸುವ ಮೋಟಾರು ಸಲಕರಣೆಗಳ ಬಗ್ಗೆ. ಬಣ್ಣದ ಹಾಳೆಯ ಸುರುಳಿಯನ್ನು ಎಳೆದು ಬಿಡುವ ಸ್ಕ್ರೋಲರ್, ಬೆಳಕಿನ ವೃತ್ತವನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್, ಅಂಚು ಕತ್ತರಿಸುವ ಬಾರ್ನ್ ಡೋರ್, ಕಿರಣವನ್ನು ಬೇಕಾದ ಕಡೆ ಹೊರಳಿಸುವ ಕನ್ನಡಿ, ಕೊರೆದ ತಗಡನ್ನು ತಿರುಗಿಸಿ ನೆರಳು ಹಾಯಿಸುವ ಗೋಬೊ ರೊಟೇಟರ್. ನಮ್ಮ ಕಡೆ ಇವಕ್ಕೆಲ್ಲ ಹಿರಿಯಣ್ಣ ಬಣ್ಣದ ಚಕ್ರ. ಫೋಕಸ್ ಲೈಟಿನ ಮುಂದೆ ಕೆಂಪು, ಹಸಿರು, ನೀಲಿ, ಹಳದಿ ಜೆಲ್ ಪೇಪರ್ ಅಂಟಿಸಿದ ತಗಡಿನ ಚಕ್ರವನ್ನು ಒಬ್ಬ ಹುಡುಗ ಕೂತು ತಿರುಗಿಸುತ್ತಿದ್ದ. ಆ ಚಕ್ರಕ್ಕೆ ಸಣ್ಣ ಮೋಟಾರು ಸಿಕ್ಕಿಸಿದ ದಿನದಿಂದ ನನ್ನ ತಪ್ಪುಗಳ ಲೆಕ್ಕ ಶುರುವಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಅವೇ ತಪ್ಪುಗಳಿಗೆ ದುಡ್ಡು ಕಳೆಯದಿರಲಿ ಎಂದು ಬರೆಯುತ್ತಿದ್ದೇನೆ.

1. ಮೋಟಾರಿಗೆ ಡಿಮ್ಮರಿನ ಕರೆಂಟ್ ಬೇಡ

ಚಕ್ರದ ಮೋಟಾರಿನ ವೈರನ್ನು ಲೈಟಿನ ವೈರಿಗೇ ಜೋಡಿಸಿದ್ದೆ. ಲೈಟಿಗೆ ಕರೆಂಟ್ ಬಂದಾಗ ಚಕ್ರವೂ ತಿರುಗಲಿ, ಇನ್ನೊಂದು ವೈರು ಎಳೆಯುವ ಕೆಲಸ ತಪ್ಪಲಿ ಎಂಬ ಲೆಕ್ಕ. ಲೈಟು ಪೂರ್ತಿ ಉರಿಯುವಾಗ ಎಲ್ಲ ಸರಿಯಿತ್ತು. ಅರ್ಧಕ್ಕೆ ಇಳಿಸಿದ ಕೂಡಲೇ ಮೋಟಾರು ಗುಂಯ್ಗುಟ್ಟತೊಡಗಿತು, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಬೆಳಕು ಏರಿಸಿ ಇಳಿಸುವ ಡಿಮ್ಮರು ವೋಲ್ಟೇಜನ್ನು ನಯವಾಗಿ ತಗ್ಗಿಸುವುದಿಲ್ಲ, ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟಿನ ಅಲೆಯ ಒಂದೊಂದು ಅರ್ಧದಲ್ಲೂ ಒಂದಿಷ್ಟನ್ನು ಕತ್ತರಿಸಿ ಎಸೆಯುತ್ತದೆ. ಬಲ್ಬಿನ ತಂತಿ ಬಿಸಿಯಾಗಿಯೇ ಇರುವುದರಿಂದ ಅದಕ್ಕೆ ಆ ಕತ್ತರಿ ಗೊತ್ತಾಗುವುದಿಲ್ಲ. ಮೋಟಾರಿಗೂ ಒಳಗಿನ ಎಲೆಕ್ಟ್ರಾನಿಕ್ಸಿಗೂ ಅದು ಪೆಟ್ಟಿನ ಮೇಲೆ ಪೆಟ್ಟು. ಅಂದಿನಿಂದ ಲೈಟಿಗೆ ಡಿಮ್ಮರಿನ ಲೈನು, ಮೋಟಾರಿಗೆ ನೇರ ಲೈನು. ಎರಡರ ಪ್ಲಗ್ಗಿಗೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿಡುತ್ತೇನೆ. ಕತ್ತಲಲ್ಲಿ, ಅವಸರದಲ್ಲಿ, ಸಹಾಯಕ್ಕೆ ಬಂದ ಊರಿನ ಹುಡುಗನ ಕೈಯಲ್ಲಿ ಪ್ಲಗ್ ಇರುವಾಗ ಆ ಟೇಪು ಒಂದೇ ನಮ್ಮನ್ನು ಕಾಯುವುದು.

2. ಮೊದಲು ಜನರೇಟರ್ ನೋಡಿ

ಈಗ ಎಲ್ಲ ಊರಿನವರೂ ‘ಶಾರ್ಪಿ ತರ್ತೀರಾ?’ ಎಂದು ಕೇಳುತ್ತಾರೆ. 2010ರಲ್ಲಿ ಇಟಲಿಯ ಕ್ಲೇ ಪಾಕಿ ಕಂಪನಿ ಆ ಹೆಸರಿನ ಮೂವಿಂಗ್ ಹೆಡ್, ಅಂದರೆ ತಲೆಯೇ ತಿರುಗುವ ಲೈಟು, ತಂದಿತು. ಅಡಕೆ ಮರದಂತೆ ಸಪೂರವಾಗಿ ನೆಟ್ಟಗೆ ಮೇಲೇರುವ ಅದರ ಕಿರಣ ಎಷ್ಟು ಹಿಡಿಸಿತೆಂದರೆ, ಈಗ ಯಾರು ಮಾಡಿದ ಬೀಮ್ ಲೈಟಾದರೂ ನಮ್ಮ ಕಡೆ ಶಾರ್ಪಿಯೇ. ಅದರೊಳಗಿನದು ಡಿಸ್ಚಾರ್ಜ್ ಲ್ಯಾಂಪು. ಒಮ್ಮೆ ಆರಿತೆಂದರೆ ತಣಿಯುವವರೆಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ.

ಇದನ್ನು ಓದಿ ತಿಳಿದಿದ್ದೆ. ಆದರೂ ಒಂದು ಜಾತ್ರೆಯಲ್ಲಿ ಲೈನ್ ಕರೆಂಟಿನಿಂದ ಜನರೇಟರಿಗೆ ಬದಲಾಯಿಸುವ ಹೊತ್ತನ್ನು ಯೋಚಿಸದೆ ಬಿಟ್ಟೆ. ದ್ರೌಪದಿ ಶ್ರೀಕೃಷ್ಣನನ್ನು ಕೂಗುವ ಜಾಗ. ಕರೆಂಟ್ ಹೋಯಿತು, ಕ್ಷಣದಲ್ಲೇ ಜನರೇಟರ್ ಬಂತು. ಬೀಮ್ ಲೈಟು ಕತ್ತಲಾಗಿಯೇ ಉಳಿಯಿತು. ಎಲ್‌ಇಡಿ ಮೂವಿಂಗ್ ಹೆಡ್‌ಗಳು ಅದಕ್ಕಿಂತ ಕೆಟ್ಟದ್ದು ಮಾಡಿದವು. ಕರೆಂಟ್ ಮರಳಿದಾಗ ಈ ಯಂತ್ರಗಳಿಗೆ ತಮ್ಮ ತಲೆ ಯಾವ ಕಡೆಗಿದೆಯೆಂದು ತಿಳಿಯುವುದಿಲ್ಲ. ಸ್ಟೆಪರ್ ಮೋಟಾರುಗಳು ಕೊನೆಯಿಂದ ಕೊನೆಗೆ ಸುತ್ತಿ, ಸೆನ್ಸರನ್ನು ಮುಟ್ಟಿ, ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ದ್ರೌಪದಿ ಕೈ ಮುಗಿದು ನಿಂತಿದ್ದಾಳೆ, ಹಿಂದೆ ಯಂತ್ರಗಳು ಕತ್ತು ಹೊರಳಿಸುತ್ತಿವೆ. ಆ ಕಲಾವಿದೆ ಹಾಡು ನಿಲ್ಲಿಸಲಿಲ್ಲ. ಅವರಿಗೆ ನಾನು ಇಂದಿಗೂ ಋಣಿ.

ಈಗ ಸಾಮಾನು ಇಳಿಸುವ ಮೊದಲು ಜನರೇಟರಿನವರನ್ನು ಹುಡುಕುತ್ತೇನೆ. ನಾಟಕ ಶುರುವಾದ ಮೇಲೆ ಬೆಳಗಿನವರೆಗೂ ಒಂದೇ ಕಡೆಯ ಕರೆಂಟ್, ನಡುವೆ ಬದಲಾವಣೆ ಬೇಡ ಎಂದು ಕೇಳಿಕೊಳ್ಳುತ್ತೇನೆ. ಕಂಟ್ರೋಲ್ ಬೋರ್ಡಿಗೆ ಸಣ್ಣ ಯುಪಿಎಸ್ ಇಡುತ್ತೇನೆ. ಮೀಟರ್ ಹಿಡಿದು ವೋಲ್ಟೇಜ್ ನೋಡುತ್ತೇನೆ, ನ್ಯೂಟ್ರಲ್ ಬಿಗಿಯಾಗಿದೆಯೇ ಎಂದು ಕೇಳುತ್ತೇನೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಳಚಿದರೆ 230 ವೋಲ್ಟಿನ ಜಾಗದಲ್ಲಿ 400ರ ಹತ್ತಿರ ಬರಬಹುದು. ಆಮೇಲೆ ಉಳಿಯುವುದು ಬಾಡಿಗೆ ಮತ್ತು ಬೂದಿ. ಅರ್ತಿಂಗ್ ಇಲ್ಲದ ಕಡೆ ಲೈಟು ಹಾಕುವುದಿಲ್ಲ. ಕಬ್ಬಿಣದ ಪೈಪು ಹಿಡಿದು ನಿಲ್ಲುವುದು ನಮ್ಮ ಹುಡುಗರೇ.

3. ಬಣ್ಣದ ಸುರುಳಿಯನ್ನು ನಾಟಕ ಓದಿ ಜೋಡಿಸಿ

ಸ್ಕ್ರೋಲರಿನಲ್ಲಿ ಜೆಲ್ ಹಾಳೆಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಉದ್ದನೆಯ ಸುರುಳಿ ಮಾಡಿರುತ್ತಾರೆ. ಎರಡು ಉರುಳೆಗಳ ನಡುವೆ ಅದು ಆ ಕಡೆಗೂ ಈ ಕಡೆಗೂ ಓಡುತ್ತದೆ. ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಜೋಡಿ ತಂದಾಗ ಸುರುಳಿಯನ್ನು ಕಾಮನಬಿಲ್ಲಿನ ಕ್ರಮದಲ್ಲಿ ಅಂಟಿಸಿದೆ. ನೋಡಲು ಚೆಂದವಿತ್ತು.

ರಂಗದ ಮೇಲೆ ಅದರ ಫಲ ಬೇರೆ. ದರ್ಬಾರಿನ ಹೊಂಬಣ್ಣದಿಂದ ರಾತ್ರಿಯ ನೀಲಿಗೆ ಹೋಗಬೇಕಾದಾಗ ಸುರುಳಿ ಹಸಿರನ್ನು ದಾಟಿಯೇ ಹೋಗಬೇಕು. ಗಾಂಧಾರಿ ಕಣ್ಣುಪಟ್ಟಿ ಕಟ್ಟಿಕೊಂಡು ಮಾತಾಡುತ್ತಿರುವಾಗ ಅವಳ ಮುಖದ ಮೇಲೆ ಹಸಿರು ಹಾದುಹೋಯಿತು. ಜನ ನಕ್ಕರು. ನಗಬೇಕಾದ ಮಾತು ಅದಲ್ಲವಲ್ಲ.

ಆಮೇಲೆ ಡ್ರಾಮಾ ಮೇಷ್ಟ್ರ ಬಳಿ ಕೂತು, ಯಾವ ಸೀನಿನ ನಂತರ ಯಾವ ಸೀನು ಎಂದು ಬರೆದುಕೊಂಡು, ಅದೇ ಸಾಲಿನಲ್ಲಿ ಹಾಳೆ ಅಂಟಿಸಿದೆ. ದರ್ಬಾರಿನ ಪಕ್ಕಕ್ಕೆ ಬೀದಿ, ಬೀದಿಯ ಪಕ್ಕಕ್ಕೆ ಕಾಡು, ಕಾಡಿನ ಪಕ್ಕಕ್ಕೆ ರಾತ್ರಿ. ದೂರದ ಬಣ್ಣಕ್ಕೆ ಜಿಗಿಯಬೇಕಾದರೆ ಮೊದಲು ಆ ಲೈಟನ್ನು ಪೂರ್ತಿ ಇಳಿಸಿ, ಸುರುಳಿ ಓಡಿಸಿ, ಮತ್ತೆ ಏರಿಸುವುದು. ಆ ನಡುವೆ ಬೇರೊಂದು ಲೈಟು ಮುಖವನ್ನು ಹಿಡಿದಿರಬೇಕು. ಇನ್ನೊಂದು ಮಾತು ಕಡುನೀಲಿಯದು. ಆ ಹಾಳೆ ನೂರರಲ್ಲಿ ಕೆಲವೇ ಪಾಲು ಬೆಳಕನ್ನು ದಾಟಿಸುತ್ತದೆ, ಮಿಕ್ಕದ್ದನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಸಾವಿರ ವ್ಯಾಟಿನ ಹ್ಯಾಲೊಜನ್ ಮುಂದೆ ಒಂದೇ ಜಾಗದಲ್ಲಿ ನಿಂತ ನೀಲಿ ನಡುವೆ ಬಿಳಿಚಿ, ಸುರುಟಿ, ಕೊನೆಗೆ ತೂತು ಬೀಳುತ್ತದೆ. ಸುರುಳಿಯಲ್ಲಿ ಒಂದು ಹಾಳೆ ಸುರುಟಿದರೆ ಇಡೀ ಸುರುಳಿ ಸಿಕ್ಕಿಹಾಕಿಕೊಳ್ಳುತ್ತದೆ. ಈಗ ಬಣ್ಣಕ್ಕೆ ಎಲ್‌ಇಡಿ ಬಂದು ಸ್ಕ್ರೋಲರು ಮೂಲೆ ಸೇರಿದೆ. ಎಲ್‌ಇಡಿಯಲ್ಲೂ ಕೆಂಪಿನಿಂದ ನೀಲಿಗೆ ಹೋಗುವ ದಾರಿಯಲ್ಲಿ ಏನು ಬಣ್ಣ ಬರುತ್ತದೆಂದು ಮೊದಲೇ ನೋಡಿಟ್ಟುಕೊಳ್ಳಬೇಕು.

4. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ

ಈ ಪಾಠ ಉಳಿದೆಲ್ಲಕ್ಕಿಂತ ದೊಡ್ಡದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳ್ಳಿಯ ಪೌರಾಣಿಕ ನಾಟಕದಲ್ಲಿ ಊರಿನ ಪಾತ್ರಧಾರಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರಧಾರಿಯೇ ದುಡ್ಡು ಹಾಕುತ್ತಾನೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈನಿಕನಿಗೆ ಇಷ್ಟು. ಕೊಬ್ಬರಿ ಮಾರಿದ ದುಡ್ಡು, ಹಾಲಿನ ಡೇರಿಯ ದುಡ್ಡು. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಹೊಲದಲ್ಲಿ ಕಂದಪದ್ಯದ ಗುನುಗು. ನಾಟಕದ ದಿನ ನಂಟರಿಷ್ಟರೆಲ್ಲ ಬಂದು ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ, ಎದೆಗೆ ನೋಟು ಚುಚ್ಚುತ್ತಾರೆ. ಅನೇಕರಿಗೆ ಬದುಕಿನಲ್ಲಿ ಅದು ಒಂದೇ ರಾತ್ರಿ.

ಹುಲಿಕೆರೆಯ ನಾಟಕಕ್ಕೆ ಪ್ರೊಫೈಲ್ ಸ್ಪಾಟಿನ ಮೂತಿಗೆ ಸಿಕ್ಕಿಸುವ ಮೋಟಾರು ಕನ್ನಡಿ ತೆಗೆದುಕೊಂಡು ಹೋಗಿದ್ದೆ. ಲೈಟು ಇದ್ದಲ್ಲೇ ಇರುತ್ತದೆ, ಕನ್ನಡಿ ಹೊರಳಿ ಕಿರಣವನ್ನು ಕಳಿಸುತ್ತದೆ. ಸಂಜೆ ಖಾಲಿ ಸ್ಟೇಜಿನಲ್ಲಿ ಕರ್ಣ ನಿಲ್ಲುವ ಜಾಗಕ್ಕೆ ಗುರುತಿಟ್ಟು, ಕಿರಣವನ್ನು ಅಲ್ಲಿಗೆ ಕೂರಿಸಿ, ಬೋರ್ಡಿನಲ್ಲಿ ಸೇವ್ ಮಾಡಿದೆ. ಕುಂತಿ ಬಂದು ಗುಟ್ಟು ಹೇಳುವ ದೃಶ್ಯ. ಕರ್ಣ ಗುರುತಿನಿಂದ ಒಂದು ಹೆಜ್ಜೆ ಮುಂದೆ ಬಂದು ಹಾಡಿದ. ಹಾಡುವವನು ಜನರ ಹತ್ತಿರ ಬರುವುದು ಸಹಜ. ಕಿರಣ ಅವನ ಕಿರೀಟಕ್ಕೆ ಬಿತ್ತು, ಮುಖ ಕತ್ತಲಲ್ಲಿ ಉಳಿಯಿತು. ಸರಿಪಡಿಸಲು ಫೇಡರ್ ಮುಟ್ಟಿದೆ. ಬೆಳಕು ಜಿಗಿದು ಎದೆಗೆ ಇಳಿಯಿತು. ಮತ್ತೆ ಮುಟ್ಟಿದೆ, ಕಿರೀಟಕ್ಕೆ ಹಾರಿತು. ನಡುವೆ ನಿಲ್ಲಲೇ ಇಲ್ಲ. ಪದ್ಯ ಮುಗಿಯಿತು.

ಬೆಳಿಗ್ಗೆ ಸಾಮಾನು ಕಟ್ಟುವಾಗ ಕರ್ಣನ ಮಗ ಬಂದು, ‘ಅಣ್ಣಾ, ಅಪ್ಪನ ಮುಖಾನೇ ಕಾಣ್ಲಿಲ್ಲ’ ಅಂದ. ಬೈಯಲಿಲ್ಲ, ಅಷ್ಟು ಹೇಳಿ ಹೋದ.

ಆಮೇಲೆ ಕೂತು ಲೆಕ್ಕ ಹಾಕಿದೆ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಪ್ರತಿಫಲಿಸಿದ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಹೈಸ್ಕೂಲಿನಲ್ಲಿ ಓದಿದ್ದೇ, ಸ್ಟೇಜಿನ ಪಕ್ಕ ನಿಂತಾಗ ನೆನಪಾಗಲಿಲ್ಲ. 10 ಮೀಟರ್ ದೂರದಲ್ಲಿ ಎರಡು ಡಿಗ್ರಿ ಎಂದರೆ ಸುಮಾರು 35 ಸೆಂಟಿಮೀಟರು. ಗಲ್ಲದಿಂದ ಕಿರೀಟದವರೆಗೆ ಅಷ್ಟೇ. ಮೂವಿಂಗ್ ಹೆಡ್ಡಿನಲ್ಲೂ ಇದೇ ಕಥೆ. ಅದು ಅಡ್ಡಡ್ಡಲಾಗಿ ಸಾಮಾನ್ಯವಾಗಿ 540 ಡಿಗ್ರಿ ತಿರುಗುತ್ತದೆ. ಅದನ್ನು ಕಂಟ್ರೋಲ್ ಬೋರ್ಡಿನ ಒಂದೇ ಚಾನಲ್ಲಿನಲ್ಲಿ ನಡೆಸಿದರೆ ಸೊನ್ನೆಯಿಂದ 255ರವರೆಗೆ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಎರಡು ಡಿಗ್ರಿಗಿಂತ ತುಸು ಹೆಚ್ಚು, ಅಂದರೆ 10 ಮೀಟರಿನಲ್ಲಿ ಒಂದಡಿಗೂ ಮೀರಿದ ಜಿಗಿತ. ‘ಫೈನ್’ ಎಂದು ಬರೆದಿರುವ ಎರಡನೇ ಚಾನಲ್ಲನ್ನೂ ಜೋಡಿಸಿದರೆ ಅದೇ ಸುತ್ತು 65,536 ಭಾಗಗಳಾಗುತ್ತದೆ. ಆಗ ಒಂದು ಮೆಟ್ಟಿಲಿಗೆ ಲೆಕ್ಕದ ಪ್ರಕಾರ ಒಂದೂವರೆ ಮಿಲಿಮೀಟರೂ ಇಲ್ಲ. ಆ ಫೈನ್ ಚಾನಲ್ಲು ನನ್ನ ಕನ್ನಡಿಯಲ್ಲೂ ಇತ್ತು. ಚಾನಲ್ ಉಳಿಯಲಿ ಎಂದು ನಾನೇ ಬಿಟ್ಟಿದ್ದೆ.

ಮರುವರ್ಷದಿಂದ ಎರಡು ಬದಲಾವಣೆ. ಫೈನ್ ಇಲ್ಲದೆ ಯಾವ ಕಿರಣವನ್ನೂ ಮುಖಕ್ಕೆ ಬಿಡುವುದಿಲ್ಲ. ಮೋಟಾರಿನ ಬೆಳಕು ಎಷ್ಟೇ ಇದ್ದರೂ, ಇಡೀ ಸ್ಟೇಜಿನ ಮುಂಭಾಗಕ್ಕೆ ಎರಡೂ ಕಡೆಯಿಂದ ಅಲುಗಾಡದ ಸಾದಾ ಬೆಳಕು ಸದಾ ಇರುತ್ತದೆ. ಯಂತ್ರ ಕೈಕೊಟ್ಟರೂ ಮುಖ ಕಾಣುತ್ತದೆ.

5. ‘ಒನ್ಸ್ ಮೋರ್’ ಮೆಷಿನ್ನಿಗೆ ಗೊತ್ತಿಲ್ಲ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ಆಡುವ ನಾಟಕಕ್ಕೆ ಕ್ಯೂ, ಅಂದರೆ ಯಾವ ಹೊತ್ತಿಗೆ ಯಾವ ಬೆಳಕು ಎಂಬುದನ್ನು, ಬರೆದಿಟ್ಟರೆ ನಟರು ಹೆಚ್ಚುಕಡಿಮೆ ಆ ಹೊತ್ತಿಗೆ, ಆ ಜಾಗಕ್ಕೆ ಬರುತ್ತಾರೆ. ಅದನ್ನು ನೋಡಿ ನಾನೂ ಇಡೀ ‘ಕುರುಕ್ಷೇತ್ರ’ಕ್ಕೆ ಸಮಯ ಕಟ್ಟಿ ಕ್ಯೂ ಬರೆದೆ. ಭೀಮ ಒಂದು ಪದ್ಯ ಚೆನ್ನಾಗಿ ಹಾಡಿದ, ಜನ ಒನ್ಸ್ ಮೋರ್ ಎಂದರು, ಅವನು ಮತ್ತೆ ಮೊದಲಿನಿಂದ ಎತ್ತಿಕೊಂಡ. ನನ್ನ ಲೈಟು ಮಾತ್ರ ಮುಂದಿನ ದೃಶ್ಯಕ್ಕೆ ಹೊರಟುಹೋಗಿತ್ತು. ಆಮೇಲೆ ಹಾರ ಹಾಕುವವರು ಬಂದರು. ಅಷ್ಟರಲ್ಲಿ ಬೆಳಕಿಗೂ ನಾಟಕಕ್ಕೂ ಸಂಬಂಧವೇ ಉಳಿದಿರಲಿಲ್ಲ.

ಈಗ ನಮ್ಮ ಬೋರ್ಡಿನಲ್ಲಿ ತಾನಾಗಿ ಓಡುವ ಕ್ಯೂ ಒಂದೂ ಇಲ್ಲ. ಪ್ರತಿಯೊಂದೂ ಬೆರಳು ಒತ್ತಿದಾಗ ಮಾತ್ರ. ಮುಖ್ಯ ಪಾತ್ರಗಳ ಪ್ರವೇಶಕ್ಕೆ ಕೈಯಲ್ಲಿ ತಿರುಗಿಸುವ ಫಾಲೋ ಸ್ಪಾಟ್ ಇದ್ದೇ ಇರುತ್ತದೆ, ಅದರ ಹಿಂದೆ ಪದ್ಯಗಳು ಗೊತ್ತಿರುವ ಮನುಷ್ಯ. ಹಿಂದೆ ಬಣ್ಣದ ಚಕ್ರ ತಿರುಗಿಸುತ್ತಿದ್ದ ಹುಡುಗನೇ ಈಗ ಆ ಕೆಲಸ ಮಾಡುತ್ತಿದ್ದಾನೆ. ಗಾಯಕ ಉಸಿರು ಎಳೆದುಕೊಂಡದ್ದನ್ನು ನೋಡಿ, ಇನ್ನೊಂದು ಸಾಲು ಬರುತ್ತದೆಂದು ತಿಳಿದು ಬೆಳಕು ಹಿಡಿದು ನಿಲ್ಲುತ್ತಾನೆ. ಅದನ್ನು ಬೋರ್ಡಿಗೆ ಕಲಿಸಲು ನನಗೆ ಬಂದಿಲ್ಲ.

6. ತಿರುಗಿಸುವ ಮೊದಲು ಕತ್ತರಿಸಲು ಕಲಿಯಿರಿ

ನಾನು ಉಲ್ಟಾ ಕಲಿತೆ. ಮೊದಲು ಓಡಾಡುವ ಬೆಳಕು ಕೊಂಡೆ, ಅಂಚು ಕತ್ತರಿಸುವ ಸಲಕರಣೆ ಕೊನೆಗೆ. ಫಲವಾಗಿ ಕಾಡಿನ ಸೀನಿನಲ್ಲಿ ಪರದೆಯ ಮೇಲಿನ ಮರಗಳ ಜೊತೆ ಪಕ್ಕದ ವಿಂಗಿನ ಅರಮನೆ ಕಂಬವೂ ಹೊಳೆಯುತ್ತಿತ್ತು, ಅದರ ಹಿಂದೆ ಬೀಡಿ ಸೇದುತ್ತಿದ್ದ ಶಕುನಿಯೂ ಕಾಣುತ್ತಿದ್ದ. ಬೆಳಕು ಎಲ್ಲಿ ಬೀಳಬಾರದೋ ಅಲ್ಲಿ ಬೀಳದಂತೆ ತಡೆಯುವುದು ಅರ್ಧ ಕೆಲಸ, ಅದಕ್ಕೆ ನಾಲ್ಕು ರೆಕ್ಕೆಯ ಸಾದಾ ಬಾರ್ನ್ ಡೋರ್ ಸಾಕು. ಮೋಟಾರಿನ ಬಾರ್ನ್ ಡೋರ್ ಬೇಕಾಗುವುದು ನಾಟಕದ ನಡುವೆ ಅಂಚು ಬದಲಾಗಬೇಕಾದಾಗ ಮಾತ್ರ. ನಮ್ಮ ನಾಟಕಗಳಲ್ಲಿ ಅದು ಅಪರೂಪ. ಐರಿಸ್‌ನ ಮಾತೂ ಹೇಳಬೇಕು. ಪೂರ್ತಿ ಮುಚ್ಚಿದ ಐರಿಸ್ ಹಿಂದೆ ಲೈಟನ್ನು ಪೂರ್ತಿ ಉರಿಸಿಟ್ಟರೆ ತೆಳ್ಳನೆಯ ಎಲೆಗಳು ಕಾದು ಬಾಗುತ್ತವೆ. ಹಾಗೆ ಬಾಗಿಸಿದ ಒಂದು ಐರಿಸ್ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ಹೊಸ ಹುಡುಗರಿಗೆ ತೋರಿಸಲು.

7. ಮೂತಿ ಭಾರವಾದರೆ ಸ್ಟ್ಯಾಂಡು ಮುಗ್ಗರಿಸುತ್ತದೆ

ಲೈಟಿನ ಮುಂದೆ ಏನೇ ಸಿಕ್ಕಿಸಿದರೂ ತೂಕ ಮುಂದಕ್ಕೆ ಬರುತ್ತದೆ. ಸ್ಕ್ರೋಲರ್ ಹಾಕಿದ ಒಂದು ಲೈಟು ಸ್ಟ್ಯಾಂಡಿನ ಸಮೇತ ಮಗುಚಿತು. ಕೆಳಗೆ ಚಾಪೆ ಹಾಸಿ ಮಲಗಿದ್ದ ಮಕ್ಕಳನ್ನು ಸ್ವಲ್ಪ ಮುಂಚೆಯಷ್ಟೇ ತಾಯಂದಿರು ಬೇರೆಡೆಗೆ ಎತ್ತಿಕೊಂಡು ಹೋಗಿದ್ದರು. ಆ ರಾತ್ರಿಯಿಂದ ಪ್ರತಿ ಲೈಟಿಗೂ, ಅದರ ಮುಂದಿನ ಪ್ರತಿ ಸಲಕರಣೆಗೂ ಬೇರೆ ಬೇರೆ ಸೇಫ್ಟಿ ಚೈನು, ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ, ಸುತ್ತ ಹಗ್ಗ. ಇದರಲ್ಲಿ ರಿಯಾಯಿತಿ ಕೊಡುವುದಿಲ್ಲ.

8. ತಂತಿ, ಹುಳು, ಇಬ್ಬನಿ

ಈ ಸಲಕರಣೆಗಳೆಲ್ಲ ಮಾತಾಡುವ ಭಾಷೆ ಡಿಎಂಎಕ್ಸ್ 512. 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ರೂಪಿಸಿದ್ದು. ಒಂದು ತಂತಿಯಲ್ಲಿ 512 ಚಾನಲ್, ಒಂದರಿಂದ ಒಂದಕ್ಕೆ ಸರಪಳಿ, ಕೊನೆಯ ಯಂತ್ರಕ್ಕೆ 120 ಓಮಿನ ಒಂದು ರೆಸಿಸ್ಟರ್. ಆ ರೆಸಿಸ್ಟರ್ ಹಾಕದೆ, ಮೈಕಿನ ತಂತಿಯನ್ನೇ ಬಳಸಿ, ಲೈಟುಗಳು ತಾವಾಗಿ ನಡುಗುವುದನ್ನು ನೋಡಿ ಮೋಟಾರು ಕೆಟ್ಟಿದೆಯೆಂದು ರಿಪೇರಿಗೆ ಕೊಟ್ಟಿದ್ದೇನೆ. ಕೆಟ್ಟಿರಲಿಲ್ಲ. ಸರಿಯಾದ ತಂತಿ ಹಾಕಿ, ಆ ಪುಟ್ಟ ರೆಸಿಸ್ಟರನ್ನು ಸಿಕ್ಕಿಸಿ.

ಬಯಲು ರಂಗದಲ್ಲಿ ಹುಳು ಬರುತ್ತದೆ, ಫ್ಯಾನು ಅದನ್ನು ಒಳಗೆಳೆಯುತ್ತದೆ, ಬೆಲ್ಟಿಗೆ ಸಿಕ್ಕಿ ಸೆನ್ಸರಿಗೆ ಅಂಟುತ್ತದೆ. ಚಳಿಗಾಲದ ಬೆಳಗಿನ ಜಾವ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಮೆತ್ತನೆಯ ಬ್ರಷ್ಷು, ಒಣ ಬಟ್ಟೆ ಕೈಗೆ ಸಿಗುವಂತಿರಲಿ.

9. ಕಲ್ಲಿಗೆ ಬಣ್ಣ ಓಡಿಸಬೇಡಿ

ಹಳೆಯ ಗುಡಿ ಹಿನ್ನೆಲೆಯಾಗಿದ್ದ ಒಂದು ನೃತ್ಯ ಕಾರ್ಯಕ್ರಮದಲ್ಲಿ ಗೋಡೆಯ ಮೇಲೆ ಬಣ್ಣ ಬದಲಾಯಿಸುತ್ತಾ ಹೋದೆ. ಗೋಬೊ ತಿರುಗಿಸಿ ನಕ್ಷತ್ರವನ್ನೂ ಹರಡಿದೆ. ಎಲ್ಲ ಲೈಟೂ ಎದುರಿನಿಂದಲೇ ಇತ್ತು. ಶಿಲ್ಪಗಳೆಲ್ಲ ಚಪ್ಪಟೆಯಾಗಿ, ಬಣ್ಣ ಬಳಿದ ರಟ್ಟಿನಂತೆ ಕಂಡವು.

ಮರುದಿನ ಸಂಜೆ ಹಳೇಬೀಡಿನಲ್ಲಿ ನಿಂತು ನೋಡಿದೆ. ಇಳಿಬಿಸಿಲು ಓರೆಯಾಗಿ ಹೊಯ್ಸಳೇಶ್ವರನ ಗೋಡೆಗೆ ಬೀಳುತ್ತಿತ್ತು. ಕೆಳಸಾಲಿನ ಆನೆಗಳ ಒಂದೊಂದು ಸೊಂಡಿಲಿಗೂ ಅದರದೇ ನೆರಳು. ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿ ಕಟ್ಟಿರುವ ಗೋಡೆಯಲ್ಲಿ ಒಂದು ಮುಖ ಬೆಳಗಿದರೆ ಪಕ್ಕದ್ದು ನೆರಳಿನಲ್ಲಿರುತ್ತದೆ, ಸೂರ್ಯ ಸರಿದಂತೆ ಅವು ಪಾಳಿ ಬದಲಾಯಿಸುತ್ತವೆ. ಬಳಪದ ಕಲ್ಲಿನ ಅಷ್ಟು ಸೂಕ್ಷ್ಮದ ಕೆತ್ತನೆ ಪಕ್ಕದ ಬೆಳಕಿನಲ್ಲಿ ಓದಲು ಸಿಗುತ್ತದೆ, ಎದುರಿನ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಕಾರ್ಯಕ್ರಮಗಳಿಗೆ ಬೆಳಕಿನ ಆಸೆ ಹೆಚ್ಚಿದೆ. ನನ್ನ ಅಭಿಪ್ರಾಯ ಇಷ್ಟು: ಗುಡಿಗೆ ಒಂದೇ ಬಣ್ಣ, ಒಂದೇ ದಿಕ್ಕು, ಅಲುಗಾಡದ ಬೆಳಕು. ಮೋಟಾರು ಏನಿದ್ದರೂ ನರ್ತಕಿಯ ಸ್ಟೇಜಿನ ಮಟ್ಟಿಗೆ. ಹುಲಿಕೆರೆಯ ಕಲ್ಯಾಣಿಯ ಕಡೆಗೆ ನಮ್ಮ ಬೀಮ್ ಎಂದೂ ತಿರುಗಿಲ್ಲ.

10. ಯಾವ ದೃಶ್ಯಕ್ಕೆಂದು ಗೊತ್ತಾದ ಮೇಲೆ ಕೊಳ್ಳಿ

ಈ ಯಂತ್ರಗಳಿಲ್ಲದೆಯೂ ರಂಗ ಜನರನ್ನು ಬೆರಗುಗೊಳಿಸಿದೆ. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಈಗಿನಂಥ ಮೂವಿಂಗ್ ಲೈಟು ಆಗಿನ್ನೂ ಹುಟ್ಟಿರಲಿಲ್ಲ. 1959ರಲ್ಲಿ ಕೋಲ್ಕತ್ತದ ಮಿನರ್ವ ರಂಗಮಂದಿರದಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ತಾಪಸ್ ಸೇನ್ ಬೆಳಕಿನಲ್ಲೇ ಗಣಿಗೆ ನೀರು ನುಗ್ಗಿಸಿದರು, ಕಂಪ್ಯೂಟರ್ ಬೋರ್ಡು ಇಲ್ಲದೆ. ವೇರಿ-ಲೈಟ್‌ನ ಮೊದಲ ಮೂವಿಂಗ್ ಲೈಟುಗಳು 1981ರಲ್ಲಿ ಬಾರ್ಸಿಲೋನಾದಲ್ಲಿ ಜೆನೆಸಿಸ್ ತಂಡದ ಸಂಗೀತಕ್ಕೆ ಉರಿದವು, ಅವು ಹುಟ್ಟಿದ್ದೇ ಅಂಥ ಕಛೇರಿಗಳಿಗೆ, ನಮ್ಮ ನಾಟಕಗಳಿಗಲ್ಲ. ನಾನು ಕೊಂಡ ಸಲಕರಣೆಗಳಲ್ಲಿ ಕ್ಯಾಟಲಾಗ್ ನೋಡಿ ತಂದವು ಶೆಡ್ಡಿನಲ್ಲಿವೆ. ಶನಿಯ ಪ್ರವೇಶಕ್ಕೆ ವೃತ್ತ ನಿಧಾನವಾಗಿ ಕುಗ್ಗಬೇಕು ಎಂಬಂಥ ಒಂದು ಖಚಿತ ಅಗತ್ಯಕ್ಕೆ ತಂದವು ಈಗಲೂ ದುಡಿಯುತ್ತಿವೆ.

ನಾಟಕ ಆಡಿಸುವ ಊರಿನವರಲ್ಲಿ ಒಂದು ಕೋರಿಕೆ. ಲೈಟಿನವರನ್ನು ನಾಟಕದ ಸಂಜೆ ಮಾತ್ರ ಕರೆಯಬೇಡಿ. ಕೊನೆಯ ತಾಲೀಮಿಗೆ ಒಂದು ರಾತ್ರಿ ಕರೆಸಿ, ನೆಲದ ಮೇಲೆ ಕೂರಿಸಿ, ನಿಮ್ಮ ಕರ್ಣ ಎಲ್ಲಿ ನಿಂತು ಹಾಡುತ್ತಾನೆಂದು ತೋರಿಸಿ. ಆ ರಾತ್ರಿಗೆ ನಾವು ಬಾಡಿಗೆ ಕೇಳುವುದಿಲ್ಲ.